ಹತ್ತನೇ ನಿಮಿಷಕ್ಕೆ ಕುಂಟುವ ಆಟ

ಗೇಮಿಂಗ್ ಲ್ಯಾಪ್‌ಟಾಪ್ ಬಳಸುವವರಲ್ಲಿ ಈ ಕಾಟ ಕಾಣದವರು ಕಡಿಮೆ. ಆಟ ಶುರುವಾದಾಗ ಎಲ್ಲವೂ ಸಲೀಸು. ತೆರೆಯ ಮೂಲೆಯಲ್ಲಿ ಸೆಕೆಂಡಿಗೆ 110 ಚಿತ್ರ ಎಂದು ತೋರಿಸುತ್ತಿರುತ್ತದೆ; ಕಾರು ತಿರುವಿನಲ್ಲಿ ಸರ್ರನೆ ಹೊರಳುತ್ತದೆ, ಹಿಡಿದ ಗುರಿ ಕದಲುವುದಿಲ್ಲ. ಹತ್ತು ನಿಮಿಷ ದಾಟುವಷ್ಟರಲ್ಲಿ ಫ್ಯಾನುಗಳು ಕಿರುಚತೊಡಗುತ್ತವೆ, ಕೀಲಿಮಣೆಯ ನಡುಭಾಗ ಬೆರಳಿಗೆ ಚುರುಕ್ಕೆನ್ನುತ್ತದೆ, ಚಿತ್ರ ತಡವರಿಸುತ್ತದೆ. 110 ಇದ್ದದ್ದು 60ಕ್ಕೆ ಇಳಿದು, ಒಮ್ಮೊಮ್ಮೆ 35ಕ್ಕೆ ಜಾರಿ, ಮತ್ತೆ ಮೇಲೇಳುತ್ತದೆ. ಬೇಸತ್ತು ಆಟ ನಿಲ್ಲಿಸಿ, ಚಹಾ ಕುಡಿದು ಬಂದು ಮತ್ತೆ ಶುರುಮಾಡಿದರೆ ಮೊದಲಿನ ಓಟವೇ ವಾಪಸು!

ಯಂತ್ರ ಅದೇ, ಆಟ ಅದೇ, ಸೆಟ್ಟಿಂಗೂ ಅದೇ. ಹತ್ತು ನಿಮಿಷದಲ್ಲಿ ಬದಲಾದದ್ದೇನು?

ವೈರಸ್ ಇರಬಹುದೆಂದು ವಿಂಡೋಸ್ ಅಳಿಸಿ ಮತ್ತೆ ಹಾಕಿದವರಿದ್ದಾರೆ. ರ್‍ಯಾಮ್ ಸಾಲದೆಂದು ಇನ್ನೆಂಟು ಜಿಬಿ ಸೇರಿಸಿದವರಿದ್ದಾರೆ. ಎರಡರಿಂದಲೂ ಏನೂ ಆಗುವುದಿಲ್ಲ, ಏಕೆಂದರೆ ವೇಗ ತಗ್ಗಿಸುತ್ತಿರುವುದು ಸ್ವತಃ ಪ್ರೊಸೆಸರ್. ತಾನು ಸುಡಬಾರದೆಂದು ಅದು ಬೇಕೆಂದೇ ನಿಧಾನಿಸುತ್ತದೆ. ಎಂಜಿನಿಯರುಗಳು ಥರ್ಮಲ್ ಥ್ರಾಟ್ಲಿಂಗ್ ಎನ್ನುವ ಈ ಕ್ರಿಯೆಯನ್ನು ಇಲ್ಲಿ ವೇಗಕಡಿತ ಎನ್ನೋಣ. ಇದು ಕೆಟ್ಟುಹೋದ ಭಾಗವೊಂದರ ಲಕ್ಷಣ ಅಲ್ಲವೇ ಅಲ್ಲ. ಇದನ್ನು ಸರಿಪಡಿಸಹೊರಟವರು ಮೊದಲು ತಿಳಿಯಬೇಕಾದ ಸಂಗತಿ ಅದೇ.

ಹೊಗೆಯಾಡಿದ ಅಥ್ಲಾನ್

ಈ ಕಾವಲು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ತಂತ್ರಜ್ಞಾನ ಜಾಲತಾಣ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಜಾಲತಾಣದವರು ಆಗಿನ ನಾಲ್ಕು ಪ್ರೊಸೆಸರುಗಳಲ್ಲಿ ಕ್ವೇಕ್ 3 ಆಟವನ್ನು ಓಡಿಸಿದರು. ಆಟ ನಡೆಯುತ್ತಿದ್ದಂತೆಯೇ ಚಿಪ್ ಮೇಲಿನ ಲೋಹದ ಶಾಖಹಾರಿಯನ್ನು ಕೈಯಿಂದ ಎತ್ತಿ ತೆಗೆದುಬಿಟ್ಟರು. ಎಎಂಡಿಯ ಎರಡು ಅಥ್ಲಾನ್ ಚಿಪ್‌ಗಳು ಕ್ಷಣಮಾತ್ರದಲ್ಲಿ ಹೊಗೆಯಾಡಿ ಸತ್ತವು. ಇಂಟೆಲ್‌ನ ಪೆಂಟಿಯಂ 3 ಸ್ತಬ್ಧವಾಯಿತು, ಆದರೆ ಉಳಿದುಕೊಂಡಿತು. ಪೆಂಟಿಯಂ 4 ಮಾತ್ರ ನಿಲ್ಲಲೇ ಇಲ್ಲ. ಆಟ ತೆವಳತೊಡಗಿತು, ಶಾಖಹಾರಿಯನ್ನು ಮರಳಿ ಇಟ್ಟೊಡನೆ ಏನೂ ಆಗಿಲ್ಲವೆಂಬಂತೆ ಮೊದಲಿನ ವೇಗ ಹಿಡಿಯಿತು.

ಪೆಂಟಿಯಂ 4ರ ಒಡಲೊಳಗೆ ಉಷ್ಣಮಾಪಕವೊಂದಿತ್ತು. ಮಿತಿ ಮೀರಿದೊಡನೆ ಚಿಪ್ಪಿನ ಗಡಿಯಾರದ ಮಿಡಿತವನ್ನು ಬಿಟ್ಟು ಬಿಟ್ಟು ಕೊಡುವ ಏರ್ಪಾಡು ಅದಕ್ಕಿತ್ತು. ಇಂದಿನ ಚಿಪ್‌ಗಳು ಇನ್ನೂ ಸೂಕ್ಷ್ಮ. ಪ್ರತಿ ಕೋರ್‌ಗೂ, ಅಂದರೆ ಲೆಕ್ಕ ಮಾಡುವ ಪ್ರತಿ ಘಟಕಕ್ಕೂ, ತನ್ನದೇ ಉಷ್ಣಮಾಪಕವಿದೆ. ಬಿಸಿ ಏರಿದಂತೆ ಅವು ವೇಗವನ್ನೂ ವೋಲ್ಟೇಜನ್ನೂ ಒಟ್ಟಿಗೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತವೆ. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಚಿಪ್‌ಗಳಿಗೆ 100 ಡಿಗ್ರಿ ಸೆಲ್ಷಿಯಸ್ ಎಂಬುದು ಕೊನೆಯ ಗೆರೆ. ಎಎಂಡಿಯ ಚಿಪ್‌ಗಳಲ್ಲಿ ಮಾದರಿಗೆ ತಕ್ಕಂತೆ ಅದರ ಆಸುಪಾಸು.

ಅಂದರೆ ಕಾವಲುಗಾರನನ್ನು ಓಡಿಸುವುದು ಪರಿಹಾರವಲ್ಲ. ಕಾವಲುಗಾರ ಏಳಬೇಕಾದ ಸಂದರ್ಭವೇ ಬಾರದಂತೆ ಮಾಡಬೇಕು. ಅದಕ್ಕೆ ಬಿಸಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹೊರಬೀಳುತ್ತದೆ ಎಂಬ ಎರಡು ಲೆಕ್ಕ ತಿಳಿದಿದ್ದರೆ ಸಾಕು.

ಕೊನೆಯ ಮೆಟ್ಟಿಲಿನ ಬೆಲೆ

ಪ್ರೊಸೆಸರ್ ಹೀರಿದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. 100 ವಾಟ್ ಒಳಹೋದರೆ 100 ವಾಟ್ ಬಿಸಿಯಾಗಿ ಹೊರಬರಬೇಕು. ಲೆಕ್ಕ ಮಾಡಿದ್ದಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ. ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ನಾನೂರು ಕೋಟಿ ಸಲ ಮಿಡಿಯುವ ಗಡಿಯಾರದ ತಾಳಕ್ಕೆ ತೆರೆದು ಮುಚ್ಚುತ್ತಿರುತ್ತವೆ. ಪ್ರತಿ ಸಲವೂ ಒಂದಿಷ್ಟು ವಿದ್ಯುದಂಶ ತುಂಬಿ ಬರಿದಾಗುತ್ತದೆ, ಅಲ್ಲಿ ಬಿಸಿ ಹುಟ್ಟುತ್ತದೆ. ಅದೂ ತೀರ ಚಿಕ್ಕ ಜಾಗದಲ್ಲಿ.

ಟ್ರಾನ್ಸಿಸ್ಟರ್ ಕಿರಿದಾದಂತೆ ಅದು ಬೇಡುವ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ಚಿಪ್ ಎಷ್ಟೇ ಕಿಕ್ಕಿರಿದರೂ ಅಷ್ಟೇ ಜಾಗದಲ್ಲಿ ಹುಟ್ಟುವ ಬಿಸಿ ಹೆಚ್ಚುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟಿದ್ದರು. ಮೂರು ದಶಕ ಆ ಸೂತ್ರ ನಡೆಯಿತು. 2005ರ ಆಸುಪಾಸಿಗೆ ಅದು ಮುರಿದುಬಿತ್ತು. ವೋಲ್ಟೇಜನ್ನು ಇನ್ನೂ ಇಳಿಸಿದರೆ ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ವಿದ್ಯುತ್ ಸೋರತೊಡಗುತ್ತದೆ. ಹೀಗೇ ಮುಂದುವರಿದರೆ ಚಿಪ್ಪಿನ ಬಿಸಿ ಅಣುಸ್ಥಾವರದ, ರಾಕೆಟ್ ಮೂತಿಯ ಮಟ್ಟಕ್ಕೆ ಹೋಗುತ್ತದೆಂದು ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ 2001ರಲ್ಲೇ ಎಚ್ಚರಿಸಿದ್ದರು. 4 ಗಿಗಾಹರ್ಟ್ಸ್ ಪೆಂಟಿಯಂ 4 ತರುವ ಯೋಜನೆಯನ್ನು 2004ರಲ್ಲಿ ಇಂಟೆಲ್ ಕೈಬಿಟ್ಟಿತು. ಆ ಸರಣಿ 3.8ಕ್ಕೇ ನಿಂತಿತು.

ಇದರಿಂದ ಆಟಗಾರರಿಗೆ ಬೇಕಾದ ಪಾಠ ಒಂದೇ. ಪ್ರೊಸೆಸರಿನ ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ವೇಗ ಏರಿದಷ್ಟೇ ಪ್ರಮಾಣದಲ್ಲಿ ಬಿಸಿ ಏರಿದರೆ ಚಿಂತೆಯಿರಲಿಲ್ಲ. ಆದರೆ ವೋಲ್ಟೇಜ್ ಏರಿದಾಗ ಬಿಸಿ ಅದರ ವರ್ಗದಂತೆ ಏರುತ್ತದೆ. ಎರಡೂ ಸೇರಿದರೆ ಕೊನೆಯ ಒಂದೆರಡು ಮೆಟ್ಟಿಲು ವಿಪರೀತ ದುಬಾರಿ. ತಿರುಗಿಸಿ ಹೇಳುವುದಾದರೆ, ತುತ್ತತುದಿಯ ವೇಗದಿಂದ ಶೇಕಡ 10ರಷ್ಟು ಇಳಿದರೆ ಬಿಸಿ ಹೆಚ್ಚುಕಡಿಮೆ ಕಾಲುಭಾಗ ತಗ್ಗುತ್ತದೆ. ಹತ್ತು ಕೊಟ್ಟು ಇಪ್ಪತ್ತೈದು ಪಡೆಯುವ ವ್ಯಾಪಾರ ಇದು. ಮುಂದೆ ಬರುವ ಹೆಚ್ಚಿನ ಉಪಾಯಗಳೆಲ್ಲ ಇದರ ಮೇಲೇ ನಿಂತಿವೆ.

ಕೆರೆ, ಕಾಲುವೆ, ತೂಬು

ಇನ್ನು ಬಿಸಿ ಹೊರಬೀಳುವ ಲೆಕ್ಕ. ಲ್ಯಾಪ್‌ಟಾಪನ್ನು ಒಂದು ಕೆರೆ ಎಂದುಕೊಳ್ಳಿ. ಪ್ರೊಸೆಸರ್ ಹುಟ್ಟಿಸುವ ಶಾಖ ಕಾಲುವೆಯಿಂದ ಒಳಬರುವ ನೀರು. ಫ್ಯಾನು ಹೊರಗೆ ತಳ್ಳುವ ಶಾಖ ತೂಬಿನಿಂದ ಹೊರಹೋಗುವ ನೀರು. ಕೆರೆಯ ನೀರಿನ ಮಟ್ಟವೇ ಉಷ್ಣತೆ. ಮಟ್ಟ ಏರಿದಂತೆ ತೂಬಿನ ಮೇಲಿನ ಒತ್ತಡ ಏರಿ ನೀರು ರಭಸದಿಂದ ಹೊರಬೀಳುತ್ತದೆ. ಒಳಹರಿವೂ ಹೊರಹರಿವೂ ಸಮನಾದಲ್ಲಿ ಮಟ್ಟ ನಿಲ್ಲುತ್ತದೆ. ಸಮನಾಗುವ ಮುಂಚೆಯೇ ನೀರು ಏರಿಯ ತುದಿ ಮುಟ್ಟಿದರೆ ಕಾವಲುಗಾರ ಓಡಿಬಂದು ಕಾಲುವೆಯ ಗೇಟು ಇಳಿಸುತ್ತಾನೆ. ವೇಗಕಡಿತ ಎಂದರೆ ಆ ಗೇಟು.

ಹತ್ತು ನಿಮಿಷದ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಕೆರೆ ಖಾಲಿಯಿದ್ದಾಗ ತುಂಬಲು ಸಮಯ ಬೇಕು. ಚಿಪ್ ತಾನೇ ಸೆಕೆಂಡುಗಳಲ್ಲಿ ಕಾಯುತ್ತದೆ, ಅದಕ್ಕಂಟಿದ ತಾಮ್ರ ಒಂದೆರಡು ನಿಮಿಷ ತಡೆಯುತ್ತದೆ, ಲ್ಯಾಪ್‌ಟಾಪಿನ ಒಡಲೆಲ್ಲ ಕಾಯಲು ಇನ್ನೂ ಹೆಚ್ಚು ಹೊತ್ತು. ತಯಾರಕರು ಈ ಖಾಲಿ ಜಾಗವನ್ನು ತಿಳಿದೇ ಬಳಸುತ್ತಾರೆ. ಇಂಟೆಲ್‌ನ ಕೋರ್ ಐ7-12700ಎಚ್ ಚಿಪ್ಪಿನ ಮೂಲ ಅಳತೆ 45 ವಾಟ್. ಆದರೆ ಟರ್ಬೊ ಎಂಬ ಜಿಗಿತದಲ್ಲಿ ಅದು 115 ವಾಟ್‌ವರೆಗೆ ಹೀರಬಲ್ಲದು. ಕಡತ ತೆರೆಯುವಂಥ ಚುಟುಕು ಕೆಲಸಕ್ಕೆ ಈ ಜಿಗಿತ ವರದಾನ. ಎರಡು ತಾಸಿನ ಆಟಕ್ಕೆ ಅಲ್ಲ. ಡಬ್ಬಿಯ ಮೇಲೆ ಅಚ್ಚಾಗಿರುವ 4.7 ಗಿಗಾಹರ್ಟ್ಸ್ ಕೆರೆ ಖಾಲಿಯಿದ್ದಾಗಿನ ಸಂಖ್ಯೆ. ಕೊಳ್ಳುವವರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅದು ಅನ್ಯಾಯವೇ ಸರಿ.

ತೂಬಿನಾಚೆ ಗದ್ದೆಯಲ್ಲೂ ನೀರು ನಿಂತಿದ್ದರೆ? ಹೊರಹರಿವು ಕುಗ್ಗುತ್ತದೆ. ಬಿಸಿ ಹರಿಯುವ ರಭಸ ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ಕೋಣೆ 25 ಡಿಗ್ರಿಯಲ್ಲಿದ್ದರೆ 100 ಡಿಗ್ರಿಯ ಚಿಪ್ಪಿಗೂ ಗಾಳಿಗೂ 75 ಡಿಗ್ರಿ ಅಂತರ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಎಸಿ ಇಲ್ಲದ ಕೋಣೆ 42 ಮುಟ್ಟಿದರೆ ಉಳಿಯುವುದು 58. ಬೆಂಗಳೂರಿನ ಡಿಸೆಂಬರಿನಲ್ಲಿ 45 ವಾಟ್ ಹೊರಹಾಕುತ್ತಿದ್ದ ಅದೇ ಲ್ಯಾಪ್‌ಟಾಪ್ ಅಲ್ಲಿ 35 ವಾಟ್‌ಗೇ ಏದುಸಿರು ಬಿಡುತ್ತದೆ. ಯಂತ್ರ ಕೆಟ್ಟಿತೆಂದು ಬೇಸಿಗೆಯಲ್ಲಿ ರಿಪೇರಿ ಅಂಗಡಿಗೆ ಹೊತ್ತೊಯ್ಯುವವರು ಈ ಸಣ್ಣ ಲೆಕ್ಕವನ್ನು ಮೊದಲು ಮಾಡಿ ನೋಡಬೇಕು.

ತೂಬಿನದೇ ಮಿತಿ ಎಂಬುದಕ್ಕೆ 2018ರ ಜುಲೈನಲ್ಲಿ ಒಂದು ಪುರಾವೆ ಸಿಕ್ಕಿತು. ಆಪಲ್ ಆಗಷ್ಟೇ ಕೋರ್ ಐ9 ಚಿಪ್ ಇರುವ ಮ್ಯಾಕ್‌ಬುಕ್ ಪ್ರೊ ಬಿಡುಗಡೆ ಮಾಡಿತ್ತು. ಡೇವ್ ಲೀ ಎಂಬ ಯೂಟ್ಯೂಬರ್ ಅದರಲ್ಲಿ ವಿಡಿಯೊ ಸಂಕಲನ ಮಾಡಿ ನೋಡಿದರು. ಹಿಂದಿನ ವರ್ಷದ ಐ7 ಯಂತ್ರಕ್ಕಿಂತ ಹೊಸ, ದುಬಾರಿ ಐ9 ಯಂತ್ರವೇ ನಿಧಾನ; ಸುಮಾರು 39 ನಿಮಿಷ ಹಿಡಿಯಿತು. ಅದೇ ಯಂತ್ರವನ್ನು ಫ್ರೀಜರಿನಲ್ಲಿಟ್ಟು ಮತ್ತೆ ಓಡಿಸಿದಾಗ ಕೆಲಸ ಸುಮಾರು 27 ನಿಮಿಷಕ್ಕೆ ಮುಗಿಯಿತು. ಚಿಪ್ಪಿಗೆ ಶಕ್ತಿ ಇತ್ತು, ಬಿಸಿಗೆ ದಾರಿ ಇರಲಿಲ್ಲ. ಈ ಪ್ರಯೋಗವನ್ನು ಮನೆಯಲ್ಲಿ ಯಾರೂ ಮಾಡಬಾರದು. ತಣ್ಣಗಾದ ಯಂತ್ರದ ಮೇಲೆ ಗಾಳಿಯ ತೇವ ಹನಿಗಟ್ಟಿದರೆ ಬೋರ್ಡು ಶಾರ್ಟ್ ಆಗಿಬಿಡುತ್ತದೆ. ಒದ್ದೆ ಬಟ್ಟೆ, ಐಸ್ ಚೀಲಗಳಿಗೂ ಇದೇ ಮಾತು.

ಎರಡು ಕಾಲುವೆ, ಒಂದೇ ತೂಬು

ವಿಡಿಯೊ ಸಂಕಲನಕ್ಕಿಂತ ಆಟ ಕಠಿಣ. ಕಾರಣ, ಆಟದಲ್ಲಿ ಪ್ರೊಸೆಸರಿನ ಜೊತೆಗೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ ಕೂಡ ಪೂರ್ತಿ ದುಡಿಯುತ್ತದೆ. ಎನ್‌ವಿಡಿಯಾದ ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060 ಒಂದೇ, ತಯಾರಕರು ಬಿಟ್ಟುಕೊಟ್ಟಂತೆ, 35ರಿಂದ 115 ವಾಟ್‌ವರೆಗೆ ಹೀರುತ್ತದೆ. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಈ ಎರಡೂ ಚಿಪ್‌ಗಳ ಮೇಲೆ ಹಾದುಹೋಗುವ ತಾಮ್ರದ ಕೊಳವೆಗಳು ಒಂದೇ. ಗ್ರಾಫಿಕ್ಸ್ ಚಿಪ್ ಕೊಳವೆಯನ್ನು ಆಗಲೇ ಕಾಯಿಸಿಟ್ಟಿದ್ದರೆ ಪ್ರೊಸೆಸರಿನ ಬಿಸಿಗೆ ಹೋಗಲು ಜಾಗವೇ ಇರುವುದಿಲ್ಲ.

ಆ ಕೊಳವೆ ಒಂದು ಸೊಗಸಾದ ಸಾಧನ, ಅದನ್ನು ಒಂದಿಷ್ಟು ಒಳಹೊಕ್ಕು ನೋಡಬೇಕು. ಹೀಟ್ ಪೈಪ್ ಎಂಬ ಈ ಶಾಖನಳಿಕೆ ನೋಡಲು ಗಟ್ಟಿ ತಾಮ್ರದ ಪಟ್ಟಿಯಂತಿದ್ದರೂ ಒಳಗೆ ಟೊಳ್ಳು. ಗಾಳಿಯನ್ನೆಲ್ಲ ಹೀರಿ ತೆಗೆದು ಒಂದಿಷ್ಟು ನೀರು ಹಾಕಿ ಮುಚ್ಚಿರುತ್ತಾರೆ. ಒಳಗೆ ಒತ್ತಡ ಬಹಳ ಕಡಿಮೆಯಿರುವುದರಿಂದ ನೀರು 100 ಡಿಗ್ರಿಗೆ ಕಾಯದೆ ತೀರ ಕಡಿಮೆ ಬಿಸಿಯಲ್ಲೇ ಆವಿಯಾಗುತ್ತದೆ. ಚಿಪ್ಪಿನ ಮೇಲಿನ ತುದಿಯಲ್ಲಿ ಎದ್ದ ಆವಿ ಫ್ಯಾನಿನ ಬಳಿಯ ತುದಿಗೆ ಧಾವಿಸಿ, ಅಲ್ಲಿ ಬಿಸಿ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ಕೊಳವೆಯ ಒಳಗೋಡೆಗೆ ಅಂಟಿಸಿದ ತಾಮ್ರದ ಪುಡಿಯ ಸಂದುಗಳು ಆ ನೀರನ್ನು ಹೀರಿ ವಾಪಸು ಚಿಪ್ಪಿನ ಕಡೆಗೆ ತರುತ್ತವೆ. ಮೋಟಾರಿಲ್ಲ, ಸದ್ದಿಲ್ಲ, ಸವೆತವಿಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ 1963ರಲ್ಲಿ ಇದನ್ನು ರೂಪಿಸಿದರು. ಉಪಗ್ರಹಗಳಲ್ಲಿ ದುಡಿದ ಮೇಲೆ ಅದು ನಮ್ಮ ತೊಡೆಯ ಮೇಲೆ ಬಂದು ಕೂತಿದೆ. ಆದರೆ ಇದಕ್ಕೂ ಮಿತಿಯುಂಟು. ಬಿಸಿ ತೀರ ಹೆಚ್ಚಾದರೆ ನೀರು ಮರಳುವುದಕ್ಕಿಂತ ಬೇಗ ಆರಿಹೋಗುತ್ತದೆ, ಆಮೇಲೆ ಕೊಳವೆ ಬರೀ ಟೊಳ್ಳು ತಾಮ್ರ.

ಕಣ್ಣಿಗೆ ಬೀಳುವ ತಡವರಿಕೆಯ ಮೂಲವೂ ಈ ಹಂಚಿಕೆಯಲ್ಲಿದೆ. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದು ಚಿತ್ರವೂ 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಚಿಪ್ 100 ಡಿಗ್ರಿ ಮುಟ್ಟುತ್ತದೆ, ಗೇಟು ಇಳಿಯುತ್ತದೆ, ಬಿಸಿ ಇಳಿಯುತ್ತದೆ, ಗೇಟು ಏಳುತ್ತದೆ, ಚಿಪ್ ಮತ್ತೆ ಜಿಗಿದು 100 ಮುಟ್ಟುತ್ತದೆ. ಈ ಏರಿಳಿತದಲ್ಲಿ ಒಂದು ಚಿತ್ರ 9 ಮಿಲಿಸೆಕೆಂಡಿಗೆ ಬಂದರೆ ಮುಂದಿನದು 30ಕ್ಕೆ ಬರುತ್ತದೆ. ಸರಾಸರಿ 75 ಇದ್ದರೂ ಕಣ್ಣು ಅದನ್ನು ಕುಂಟುನಡೆ ಎಂದೇ ಕಾಣುತ್ತದೆ. ಏರಿಳಿತವಿಲ್ಲದ 60 ಅದಕ್ಕಿಂತ ಎಷ್ಟೋ ಹಿತ.

ಮೊದಲು ಗೇಟನ್ನು ತಾವೇ ಇಳಿಸುವುದು

ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಕಾಸೂ ಖರ್ಚಿಲ್ಲ: ಚಿತ್ರಗಳ ಸಂಖ್ಯೆಗೆ ಮಿತಿ ಹಾಕುವುದು. ಅನೇಕ ಆಟಗಳ ಸೆಟ್ಟಿಂಗಿನಲ್ಲೇ ಈ ಆಯ್ಕೆ ಇದೆ. 2020ರಿಂದ ಎನ್‌ವಿಡಿಯಾದ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಇದೆ. ಹತ್ತು ನಿಮಿಷದ ಮಟ್ಟಿಗೆ 110 ಕೊಡುವ ಯಂತ್ರವನ್ನು 60ಕ್ಕೋ 75ಕ್ಕೋ ಕಟ್ಟಿಹಾಕಿದರೆ ಎರಡೂ ಚಿಪ್‌ಗಳು ಪ್ರತಿ ಚಿತ್ರದ ನಡುವೆ ಉಸಿರು ಬಿಡುತ್ತವೆ. ನೀರು ಏರಿಯ ತುದಿಗೆ ಬರುವುದೇ ಇಲ್ಲ. ಕತೆ ಹೇಳುವ ಆಟಗಳಿಗೆ, ರೇಸಿಂಗಿಗೆ ಇದೊಂದೇ ಸಾಕಾಗುವುದು ಎಷ್ಟೋ ಸಲ. ಕೌಂಟರ್ ಸ್ಟ್ರೈಕ್, ವ್ಯಾಲೊರಂಟ್‌ಗಳನ್ನು ಸ್ಪರ್ಧೆಗಾಗಿ ಆಡುವವರಿಗೆ ಇದು ಒಪ್ಪಿಗೆಯಾಗಲಿಕ್ಕಿಲ್ಲ. ಅವರಿಗೆ ಸೆಕೆಂಡಿಗೆ 144 ಚಿತ್ರ ನಿಜವಾಗಿಯೂ ಬೇಕು.

ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99ಕ್ಕೆ ಇಳಿಸಿ ಎಂಬ ಸಲಹೆ ಕಾಲೇಜು ಹಾಸ್ಟೆಲುಗಳಲ್ಲಿ ಬಾಯಿಂದ ಬಾಯಿಗೆ ಹರಡಿದೆ. ಒಂದು ಅಂಕ ಇಳಿದರೆ ಇಷ್ಟೇಕೆ ತಣ್ಣಗಾಗುತ್ತದೆಂದು ಹಲವರಿಗೆ ಅಚ್ಚರಿ. ವಾಸ್ತವದಲ್ಲಿ ಆ ಒಂದು ಅಂಕ ಟರ್ಬೊ ಜಿಗಿತವನ್ನೇ ಪೂರ್ತಿ ನಿಲ್ಲಿಸುತ್ತದೆ. ಬಿಸಿ ಕುಸಿಯುತ್ತದೆ, ನಿಜ, ಆದರೆ 4.7 ಗಿಗಾಹರ್ಟ್ಸ್‌ನ ಚಿಪ್ 2.3ರ ಮೂಲ ವೇಗದ ಹತ್ತಿರ ಬಂದು ನಿಲ್ಲುತ್ತದೆ. ಪ್ರೊಸೆಸರನ್ನು ಹೆಚ್ಚು ಅವಲಂಬಿಸುವ ನಗರ ಕಟ್ಟುವ ಆಟಗಳು, ವಿಮಾನ ಹಾರಿಸುವ ಸಿಮ್ಯುಲೇಟರುಗಳು ಆಗ ಬೇರೆಯೇ ಕಾರಣಕ್ಕೆ ಕುಂಟುತ್ತವೆ. ತಕ್ಷಣದ ತಪಾಸಣೆಗೆ ಈ ಉಪಾಯ ಒಳ್ಳೆಯದು: 99ಕ್ಕೆ ಇಳಿಸಿದಾಗ ತಡವರಿಕೆ ಮಾಯವಾದರೆ ರೋಗ ಬಿಸಿಯದ್ದೇ ಎಂದು ಖಾತ್ರಿಯಾಗುತ್ತದೆ. ಕಾಯಂ ಮದ್ದಾಗಿ ಇದು ಒರಟು.

ಅದಕ್ಕಿಂತ ನಾಜೂಕಾದ ದಾರಿ ವಾಟ್‌ಗಳ ಮಿತಿಯನ್ನೇ ಇಳಿಸುವುದು. ಥ್ರಾಟಲ್‌ಸ್ಟಾಪ್ ಎಂಬ ಉಚಿತ ತಂತ್ರಾಂಶದಲ್ಲೋ, ಲ್ಯಾಪ್‌ಟಾಪ್ ತಯಾರಕರೇ ಕೊಟ್ಟ ನಿಯಂತ್ರಣ ಫಲಕದಲ್ಲೋ, ಪ್ರೊಸೆಸರ್ ದೀರ್ಘಕಾಲ ಹೀರಬಹುದಾದ ವಿದ್ಯುತ್ತನ್ನು 45ಕ್ಕೋ 40ಕ್ಕೋ ನಿಲ್ಲಿಸಬಹುದು. ಕೊನೆಯ ಮೆಟ್ಟಿಲಿನ ಬೆಲೆ ನೆನಪಿದ್ದವರಿಗೆ ಇದರ ಲಾಭ ಹೊಳೆಯುತ್ತದೆ. ಪ್ರೊಸೆಸರ್ ಬಿಟ್ಟುಕೊಟ್ಟ ವಾಟ್‌ಗಳಷ್ಟು ಜಾಗ ಕೊಳವೆಯಲ್ಲಿ ಗ್ರಾಫಿಕ್ಸ್ ಚಿಪ್ಪಿಗೆ ಸಿಗುತ್ತದೆ, ಮತ್ತು ಹೆಚ್ಚಿನ ಆಟಗಳಲ್ಲಿ ಚಿತ್ರದ ವೇಗ ನಿರ್ಧರಿಸುವುದು ಅದೇ. ಪ್ರೊಸೆಸರನ್ನು ನಿಧಾನಿಸಿದ ಮೇಲೆ ಆಟ ಚುರುಕಾಯಿತು ಎಂದು ಯಾರಾದರೂ ಹೇಳಿದರೆ ನಂಬಬಹುದು.

ವೋಲ್ಟೇಜಿನ ಉಳಿತಾಯ

ವೇಗವನ್ನು ಮುಟ್ಟದೆ ಬಿಸಿ ಮಾತ್ರ ಇಳಿಸಲು ಸಾಧ್ಯವೇ? ಬಹುಮಟ್ಟಿಗೆ ಸಾಧ್ಯ. ಒಂದೇ ಸಿಲಿಕಾನ್ ತಟ್ಟೆಯಿಂದ ಕತ್ತರಿಸಿದ ಚಿಪ್‌ಗಳೂ ಒಂದರಂತೆ ಒಂದಿರುವುದಿಲ್ಲ. ಅತಿ ಸೋಮಾರಿ ಚಿಪ್ಪೂ ತಪ್ಪಿಲ್ಲದೆ ದುಡಿಯಲೆಂದು ತಯಾರಕರು ಎಲ್ಲಕ್ಕೂ ಒಂದಿಷ್ಟು ಹೆಚ್ಚುವರಿ ವೋಲ್ಟೇಜ್ ಕೊಟ್ಟಿರುತ್ತಾರೆ. ಒಳ್ಳೆಯ ಚಿಪ್ ಸಿಕ್ಕವರಿಗೆ ಆ ಹೆಚ್ಚುವರಿ ಬರೀ ಬಿಸಿ. ಅದನ್ನು ತೆಗೆದುಹಾಕುವುದೇ ಅಂಡರ್‌ವೋಲ್ಟಿಂಗ್, ವೋಲ್ಟ್ ಇಳಿಕೆ. 1.10 ವೋಲ್ಟ್ ಬೇಡುತ್ತಿದ್ದ ಚಿಪ್ಪನ್ನು 1.02ಕ್ಕೆ ಇಳಿಸಿದರೆ ಅದೇ ವೇಗದಲ್ಲಿ ಟ್ರಾನ್ಸಿಸ್ಟರುಗಳ ಬಡಿತದಿಂದ ಹುಟ್ಟುವ ಬಿಸಿ ಸುಮಾರು 14 ಶೇಕಡ ತಗ್ಗುತ್ತದೆ. ಇಳಿಸುವಾಗ ಆತುರ ಸಲ್ಲದು. 50 ಮಿಲಿವೋಲ್ಟ್‌ನಿಂದ ಆರಂಭಿಸಿ, ಹತ್ತು ಹತ್ತರಂತೆ ಇಳಿಯುತ್ತ, ಪ್ರತಿ ಹಂತದಲ್ಲೂ ಅರ್ಧ ತಾಸು ಆಡಿ ನೋಡಬೇಕು. ತೀರ ಇಳಿದಾಗ ತೆರೆ ನೀಲಿಯಾಗಿ ಯಂತ್ರ ಮರುಚಾಲನೆಗೊಳ್ಳುತ್ತದೆ. ಚಿಪ್ಪಿಗೆ ಹಾನಿಯಿಲ್ಲ, ಉಳಿಸದ ಕೆಲಸವಷ್ಟೇ ನಷ್ಟ.

ಇಷ್ಟು ಒಳ್ಳೆಯ ಮದ್ದು ಇಂದು ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಂ, ಗ್ರಾಟ್ಸ್ ಮತ್ತು ಲೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ಪ್ಲಂಡರ್‌ವೋಲ್ಟ್ ಎಂಬ ದಾಳಿಯನ್ನು ಪ್ರಕಟಿಸಿದರು. ಇಂಟೆಲ್ ಚಿಪ್‌ಗಳೊಳಗೆ ಎಸ್‌ಜಿಎಕ್ಸ್ ಎಂಬ ಭದ್ರಕೋಣೆಯಿತ್ತು. ವಿಂಡೋಸ್ ಕೂಡ ಇಣುಕಲಾಗದ ಆ ಕೋಣೆಯಲ್ಲಿ ಗುಪ್ತಲಿಪಿಯ ಕೀಲಿಗಳಿರುತ್ತಿದ್ದವು. ಸರಿಯಾದ ಗಳಿಗೆಯಲ್ಲಿ ವೋಲ್ಟೇಜನ್ನು ತುಸು ಕುಗ್ಗಿಸಿದರೆ ಒಳಗಿನ ಗುಣಾಕಾರ ತಪ್ಪುತ್ತದೆ, ಆ ತಪ್ಪಿನಿಂದಲೇ ಕೀಲಿಯನ್ನು ಕದಿಯಬಹುದು ಎಂದು ಅವರು ತೋರಿಸಿದರು. ಇಂಟೆಲ್ ಉತ್ತರವಾಗಿ ವೋಲ್ಟೇಜಿನ ಹಿಡಿಕೆಗೆ ಬೀಗ ಹಾಕಬಲ್ಲ ಪರಿಷ್ಕರಣೆ ಹೊರಡಿಸಿತು. ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್‌ಗೆ ಆ ಅಪ್‌ಡೇಟ್ ಹಾಕಿಕೊಂಡ ಎಷ್ಟೋ ಆಟಗಾರರು, ತಮ್ಮ ಯಂತ್ರ ಮರುದಿನದಿಂದ ಹಳೆಯ ಬಿಸಿಗೆ ಮರಳಿದ್ದನ್ನು ಕಂಡರು. ಬ್ಯಾಂಕಿನ ಸರ್ವರಿಗೆ ಈ ಬೀಗ ಬೇಕೇ ಬೇಕು. ಹಾಸ್ಟೆಲಿನ ಕೋಣೆಯಲ್ಲಿ ಆಟವಾಡುವ ವಿದ್ಯಾರ್ಥಿಗೆ ತನ್ನದೇ ಯಂತ್ರದ ಮೇಲೆ ಇಷ್ಟು ಹಕ್ಕು ಬಿಡಬೇಕಿತ್ತು. ಹೆಸರಿನ ಕೊನೆಗೆ ಎಚ್‌ಎಕ್ಸ್ ಇರುವ ಕೆಲವು ಇಂಟೆಲ್ ಚಿಪ್‌ಗಳಲ್ಲಿ, ಲ್ಯಾಪ್‌ಟಾಪ್ ತಯಾರಕರು ಬಿಟ್ಟುಕೊಟ್ಟಿದ್ದರೆ, ವೋಲ್ಟ್ ಇಳಿಕೆ ಈಗಲೂ ಸಾಧ್ಯ. ಎಎಂಡಿಯ ಕೆಲವು ಯಂತ್ರಗಳಲ್ಲಿ ಕರ್ವ್ ಆಪ್ಟಿಮೈಜರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಬೀಗ ಬಿದ್ದವರಿಗೆ ವಾಟ್ ಮಿತಿಯೇ ಗತಿ, ಅದೇನೂ ಕಡಿಮೆಯ ಮದ್ದಲ್ಲ.

ತೂಬಿನ ಹೂಳು

ವರ್ಷ ಎರಡು ವರ್ಷ ಬಳಸಿದ ಗೇಮಿಂಗ್ ಲ್ಯಾಪ್‌ಟಾಪಿನ ತಳದ ಮುಚ್ಚಳ ತೆಗೆದರೆ ಫ್ಯಾನುಗಳು ಮೇಲ್ನೋಟಕ್ಕೆ ಚೊಕ್ಕಟವಾಗಿಯೇ ಕಾಣಬಹುದು. ಮೋಸ ಅಲ್ಲೇ ಇದೆ. ನೋಡಬೇಕಾದದ್ದು ಫ್ಯಾನಿನ ಬಾಯಿಗೂ ತಾಮ್ರದ ತೆಳು ರೆಕ್ಕೆಗಳ ಸಾಲಿಗೂ ನಡುವಿನ ಇಕ್ಕಟ್ಟಾದ ಸಂದು. ರೆಕ್ಕೆಗಳ ನಡುವಿನ ಅಂತರ ಒಂದು ಮಿಲಿಮೀಟರಿನ ಆಸುಪಾಸು. ಹಾಸಿಗೆಯ ಹತ್ತಿನಾರು, ಕೂದಲು, ದೂಳು ಅಲ್ಲಿಗೆ ಬಂದು ಅಡ್ಡವಾಗಿ ಸಿಕ್ಕಿಕೊಳ್ಳುತ್ತವೆ. ಒಂದು ಎಳೆ ನಿಂತರೆ ಅದಕ್ಕೆ ಮತ್ತೊಂದು ಹೆಣೆದುಕೊಳ್ಳುತ್ತದೆ. ಕೊನೆಗೆ ಚಿಮುಟದಿಂದ ಹಿಡಿದೆಳೆದರೆ ಇಡೀ ಸಂದಿನ ಅಗಲಕ್ಕೆ ಬೂದು ಬಣ್ಣದ ಕಂಬಳಿಯ ಪಟ್ಟಿಯೊಂದು ಅಖಂಡವಾಗಿ ಎದ್ದುಬರುತ್ತದೆ. ಫ್ಯಾನು ಎಷ್ಟೇ ಕಿರುಚಿದರೂ ಗಾಳಿ ಆ ಪಟ್ಟಿಯನ್ನು ದಾಟುತ್ತಿರಲಿಲ್ಲ. ಹೊರಗಿನಿಂದ ಗಾಳಿ ಊದುವವರು ಫ್ಯಾನಿನ ಎಲೆಗಳನ್ನು ಬೆರಳಿನಿಂದಲೋ ಕಡ್ಡಿಯಿಂದಲೋ ಹಿಡಿದು ನಿಲ್ಲಿಸಿಕೊಳ್ಳಬೇಕು. ಅಂಕೆಯಿಲ್ಲದೆ ತಿರುಗಿದರೆ ಅದರ ಬೇರಿಂಗಿಗೆ ಪೆಟ್ಟು.

ಇನ್ನೊಂದು ತಡೆ ಚಿಪ್ಪಿಗೂ ತಾಮ್ರಕ್ಕೂ ನಡುವೆ. ಎರಡೂ ನುಣುಪಾಗಿ ಕಂಡರೂ ಸೂಕ್ಷ್ಮದಲ್ಲಿ ಒರಟು. ನಡುವಿನ ಕಿರುಕುಳಿಗಳಲ್ಲಿ ಗಾಳಿ ನಿಲ್ಲುತ್ತದೆ. ತಾಮ್ರಕ್ಕೆ ಹೋಲಿಸಿದರೆ ಗಾಳಿ ಬಿಸಿಯನ್ನು ಸಾವಿರಾರು ಪಾಲು ಕಡಿಮೆ ದಾಟಿಸುತ್ತದೆ. ಆ ಕುಳಿ ತುಂಬಲೆಂದೇ ಥರ್ಮಲ್ ಪೇಸ್ಟ್ ಇರುವುದು. ಆಡುವಾಗ ಕಾದು, ನಿಲ್ಲಿಸಿದಾಗ ತಣಿದು, ಲೋಹಗಳು ಹಿಗ್ಗಿ ಕುಗ್ಗುವ ಆಟದಲ್ಲಿ ಪೇಸ್ಟು ಕ್ರಮೇಣ ಅಂಚಿಗೆ ತಳ್ಳಲ್ಪಟ್ಟು ನಡುವೆ ಬರಿದಾಗುತ್ತದೆ. ಒಂದು ಕೋರ್ 98 ಡಿಗ್ರಿಯಲ್ಲಿದ್ದು ಪಕ್ಕದ್ದು 82ರಲ್ಲಿದ್ದರೆ ಹೀಗಾಗಿರುವ ಅನುಮಾನ ಬಲವಾಗುತ್ತದೆ. ಲ್ಯಾಪ್‌ಟಾಪ್‌ಗೆ ನೀರಿನಂಥ ತೆಳು ಪೇಸ್ಟಿಗಿಂತ ಹನಿವೆಲ್ ಕಂಪನಿಯ ಪಿಟಿಎಂ7950ಯಂಥ ಹಾಳೆ ಮೇಲು. ತಣ್ಣಗಿದ್ದಾಗ ಅದು ಗಟ್ಟಿ, ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಕುಳಿಗಳನ್ನು ತುಂಬುತ್ತದೆ, ಅಂಚಿಗೆ ಸರಿದುಹೋಗುವುದು ಕಡಿಮೆ. 2020ರ ಪ್ಲೇಸ್ಟೇಷನ್ 5ರಲ್ಲಿ ಸೋನಿ ಬಳಸಿದ ದ್ರವಲೋಹ ಇನ್ನೂ ಚೆನ್ನಾಗಿ ಬಿಸಿ ದಾಟಿಸುತ್ತದೆ. ಆದರೆ ಅದು ವಿದ್ಯುತ್ತನ್ನೂ ದಾಟಿಸುತ್ತದೆ. ಒಂದು ಹನಿ ತಪ್ಪಿಬಿದ್ದರೆ ಬೋರ್ಡು ಹೋಯಿತು. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಲೋಹವನ್ನು ತಿಂದುಹಾಕುತ್ತದೆ. ಕಾರ್ಖಾನೆಯಲ್ಲಿ ಹಾಕಿಬಂದದ್ದಾದರೆ ಸರಿ, ಮನೆಯಲ್ಲಿ ಕೈಹಾಕುವ ಕೆಲಸವಲ್ಲ.

ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ ಗಟ್ಟಿ ಮೇಜಿನ ಮೇಲಿಡುವುದು ಎಲ್ಲಕ್ಕಿಂತ ಸುಲಭ. ಗಾಳಿ ಒಳಬರುವ ಜಾಲರಿ ತಳದಲ್ಲಿರುವುದರಿಂದ ಹಾಸಿಗೆಯ ಮೇಲಿಟ್ಟು ಆಡುವುದೆಂದರೆ ತೂಬನ್ನು ತಾವೇ ಮುಚ್ಚಿದಂತೆ. ಅಂಗಡಿಯಲ್ಲಿ ಸಿಗುವ ಕೂಲಿಂಗ್ ಪ್ಯಾಡುಗಳ ಪೈಕಿ ಸುತ್ತ ಫೋಮ್ ಕಟ್ಟಿ ಗಾಳಿಯನ್ನು ಜಾಲರಿಯೊಳಕ್ಕೇ ತುಂಬುವಂಥವು ಕೆಲಸ ಮಾಡುತ್ತವೆ. ಬಣ್ಣದ ದೀಪ ಮಿನುಗಿಸುತ್ತ ಸುಮ್ಮನೆ ತಿರುಗುವಂಥವುಗಳಿಂದ ದೊರೆಯುವ ಲಾಭ ಬಹುಪಾಲು ಆ ಎತ್ತರದ್ದೇ.

ಬಿಸಿಯಿಲ್ಲದೆಯೂ ಇಳಿಯುವ ಗೇಟು

ಕೆಲವು ಸಲ ಕಾವಲುಗಾರನಿಗೇ ತಪ್ಪು ಸುದ್ದಿ ಹೋಗಿರುತ್ತದೆ. 2018ರ ಮ್ಯಾಕ್‌ಬುಕ್ ಪ್ರಕರಣದಲ್ಲಿ ಆದದ್ದು ಒಂದಂಶ ಅದೇ. ಉಷ್ಣ ನಿರ್ವಹಣೆಯ ತಂತ್ರಾಂಶದಲ್ಲಿ ಒಂದು ಡಿಜಿಟಲ್ ಕೀಲಿ ಬಿಟ್ಟುಹೋಗಿತ್ತೆಂದು ಒಪ್ಪಿಕೊಂಡ ಆಪಲ್, ಜುಲೈ 24ರಂದು ತಿದ್ದುಪಡಿ ಹೊರಡಿಸಿತು. ಹೊಸ ಯಂತ್ರ ತಡವರಿಸಿದರೆ ಮೊದಲು ಬಯಾಸ್ ಅಪ್‌ಡೇಟ್ ಇದೆಯೇ ಎಂದು ನೋಡುವುದು ಇದಕ್ಕೇ. ವೋಲ್ಟ್ ಇಳಿಕೆ ಬಳಸುತ್ತಿರುವವರು ಮಾತ್ರ, ಹೊಸ ಬಯಾಸ್ ಅದಕ್ಕೆ ಬೀಗ ಹಾಕುತ್ತದೆಯೇ ಎಂದು ಓದಿಕೊಂಡು ಮುಂದುವರಿಯಬೇಕು.

ಇನ್ನೊಂದು ವಿಚಿತ್ರ ಲಕ್ಷಣವುಂಟು. ಉಷ್ಣತೆ ಬರೀ 50 ಡಿಗ್ರಿ, ಆದರೂ ಪ್ರೊಸೆಸರ್ 400 ಅಥವಾ 800 ಮೆಗಾಹರ್ಟ್ಸ್‌ಗೆ ಅಂಟಿಕೊಂಡಿರುತ್ತದೆ. ಮೌಸ್ ಕೂಡ ಎಳೆದಂತೆ ಚಲಿಸುತ್ತದೆ. ಇಂಟೆಲ್ ಚಿಪ್‌ಗಳಿಗೆ ಬಿಡಿ ಪ್ರೊಕ್‌ಹಾಟ್ ಎಂಬ ತಂತಿಯೊಂದಿದೆ. ಬೋರ್ಡಿನ ಇತರ ಭಾಗಗಳೂ ಆ ತಂತಿ ಎಳೆದು, ಬಿಸಿಯಾಗುತ್ತಿದೆ, ನಿಧಾನಿಸು ಎಂದು ಪ್ರೊಸೆಸರಿಗೆ ಹೇಳಬಹುದು. ಕೆಟ್ಟ ಉಷ್ಣಮಾಪಕ, ಗುರುತು ಸಿಗದ ಚಾರ್ಜರ್, ಸೋತ ಬ್ಯಾಟರಿ ಇವೆಲ್ಲ ಆ ತಂತಿಯನ್ನು ಸುಮ್ಮನೆ ಎಳೆದು ಹಿಡಿದಿರಬಹುದು. ಥ್ರಾಟಲ್‌ಸ್ಟಾಪ್‌ನಲ್ಲಿ ಒಂದು ಗುರುತು ತೆಗೆದರೆ ಪ್ರೊಸೆಸರ್ ಆ ತಂತಿಗೆ ಕಿವಿಗೊಡುವುದನ್ನು ಬಿಡುತ್ತದೆ, ವೇಗ ತಟ್ಟನೆ ಮರಳುತ್ತದೆ. ಆ ಸುಖಕ್ಕೆ ಮರುಳಾಗಿ ಹಾಗೇ ಬಿಡುವುದು ಅಪಾಯ. ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಭಾಗಗಳು ನಿಜಕ್ಕೂ ಕಾದು ಕೂಗಿದಾಗ ಕೇಳುವವರೇ ಇರುವುದಿಲ್ಲ. ಗುರುತು ತೆಗೆದಾಗ ವೇಗ ಬಂದರೆ ಅದನ್ನು ರೋಗನಿರ್ಣಯ ಎಂದು ತಿಳಿದು, ಗುರುತನ್ನು ಮರಳಿ ಹಾಕಿ, ತಂತಿ ಎಳೆಯುತ್ತಿರುವವರು ಯಾರೆಂದು ಹುಡುಕಬೇಕು. ಹುಡುಕಾಟ ಚಾರ್ಜರಿನಿಂದ ಆರಂಭವಾಗಲಿ. 180 ವಾಟ್ ಬೇಡುವ ಯಂತ್ರಕ್ಕೆ ಗೆಳೆಯನ 65 ವಾಟ್ ಚಾರ್ಜರ್ ಸಿಕ್ಕಿಸಿಕೊಂಡು ಬಿಸಿಯ ಮೇಲೆ ತಪ್ಪು ಹೊರಿಸುವವರು ಕಡಿಮೆಯೇನಿಲ್ಲ. ಯಂತ್ರ, ಚಾರ್ಜರ್ ಎರಡರ ಬೆನ್ನಿಗಂಟಿದ ಚೀಟಿ ಓದಲು ಅರ್ಧ ನಿಮಿಷ ಸಾಕು.